ಬುಗುರಿಗೂ ಉಂಟು ಚಕ್ಕುಬಂದಿ!

ಶೃಂಗೇರಿಯ ಭಾರತೀ ಬೀದಿಯಲ್ಲಿ ಮಕ್ಕಳ ಕೈ ಹಿಡಿದು ನಡೆಯುವ ಯಾತ್ರಿಕರು ಎರಡು ಕಡೆ ತಪ್ಪದೆ ನಿಲ್ಲುತ್ತಾರೆ. ಒಂದು, ಕಾಫಿ ಘಮ ಬರುವಲ್ಲಿ. ಇನ್ನೊಂದು, ಮರದ ಆಟಿಕೆ ತೂಗುಹಾಕಿದಲ್ಲಿ. ಬುಗುರಿ, ಗಿಲಕಿ, ಅಡಿಗೆ ಸೆಟ್ಟು, ತಲೆ ಅಲ್ಲಾಡಿಸುವ ಗೊಂಬೆ. ಕೊಪ್ಪದ ಬಸ್‌ಸ್ಟ್ಯಾಂಡಿನ ಆಸುಪಾಸು, ನರಸಿಂಹರಾಜಪುರದ ಪೇಟೆ, ಮೂರೂ ತಾಲ್ಲೂಕಿನ ಜಾತ್ರೆ ಸಂತೆ ಎಲ್ಲ ಕಡೆ ಇದೇ ಮಾಲು. ಹತ್ತಿಪ್ಪತ್ತು ರೂಪಾಯಿ ಲಾಭದ ವ್ಯಾಪಾರ. ಇದರಲ್ಲಿ ಕೋರ್ಟು ಕಚೇರಿಗೆ ಏನು ಕೆಲಸ ಅಂತ ಕೇಳಬಹುದು.

ಕೆಲಸ ಉಂಟು. ಒಂದು ದಿನ ಅಂಚೆಯವನು ಸ್ಪೀಡ್ ಪೋಸ್ಟಿನ ಕವರು ಕೊಟ್ಟು ಸಹಿ ಹಾಕಿಸಿಕೊಂಡು ಹೋದ ಅಂತ ಇಟ್ಟುಕೊಳ್ಳಿ. ಒಳಗೆ ವಕೀಲರ ನೋಟೀಸು. "ನೀವು ಮಾರುತ್ತಿರುವ ಬುಗುರಿಗೆ ನಮ್ಮ ಕಕ್ಷಿದಾರರ ಪೇಟೆಂಟು ಇದೆ. ಹದಿನೈದು ದಿನದಲ್ಲಿ ಮಾರಾಟ ನಿಲ್ಲಿಸಿ ನಷ್ಟ ತುಂಬಿಕೊಡದಿದ್ದರೆ ದಾವಾ ಹೂಡುತ್ತೇವೆ." ಅಂಗಡಿಯವರ ಎದೆ ಧಸಕ್ಕೆನ್ನುತ್ತದೆ. ಪಕ್ಕದ ಅಂಗಡಿಯವರು ಬಂದು, "ಪೇಟೆಂಟು ಅಂದ ಮೇಲೆ ಮುಗೀತು ಶೆಟ್ರೇ, ಮಾಲು ವಾಪಸ್ ಕಳಿಸಿಬಿಡಿ" ಅನ್ನುತ್ತಾರೆ.

ಮುಗಿದಿಲ್ಲ ಮಾರಾಯ್ರೇ. ಅಲ್ಲಿಂದಲೇ ಶುರು. ಪೇಟೆಂಟು ಇದೆ ಅನ್ನುವುದು ಒಂದು ಮಾತು. ನಿಮ್ಮ ಕೈಲಿರುವ ಬುಗುರಿ ಆ ಪೇಟೆಂಟಿನ ಒಳಗೆ ಬೀಳುತ್ತದೋ ಇಲ್ಲವೋ ಅನ್ನುವುದು ಪೂರಾ ಬೇರೆ ಮಾತು. ಕೋರ್ಟಿನಲ್ಲಿ ವರ್ಷಗಟ್ಟಲೆ ಗುದ್ದಾಟ ನಡೆಯುವುದು ಈ ಎರಡನೇ ಮಾತಿನ ಮೇಲೆ. ಅದೂ ಎಷ್ಟೋ ಸಲ ಒಂದೇ ಒಂದು ಪದದ ಮೇಲೆ.

ಮಲೆನಾಡಿನವರಿಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ಜಮೀನು ವ್ಯಾಜ್ಯ ನಮಗೆ ಹಾಲು ಕುಡಿದಷ್ಟೇ ರೂಢಿ. ಕ್ರಯಪತ್ರದಲ್ಲಿ ಮೊದಲು ಕಥೆ ಇರುತ್ತದೆ: ಇಂಥವರಿಂದ ಇಂಥವರಿಗೆ ಬಂತು, ಇಷ್ಟು ಹಣ ಕೊಟ್ಟರು, ಬಾವಿ ಇದೆ, ತೋಟ ಇದೆ ಅಂತ. ಕೊನೆಗೆ ಷೆಡ್ಯೂಲು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗೌಡರ ಅಡಿಕೆ ತೋಟದ ಅಗಳು, ಉತ್ತರಕ್ಕೆ ಕಾಲುದಾರಿ, ದಕ್ಷಿಣಕ್ಕೆ ಸರ್ಕಾರಿ ಕಾಡು. ಅದೇ ಚಕ್ಕುಬಂದಿ. ಪೇಟೆಂಟಿನ ಕಾಗದವೂ ಹಾಗೆಯೇ. ಮೊದಲ ಭಾಗದಲ್ಲಿ ವಿವರಣೆ: ಹಿಂದೆ ಏನಿತ್ತು, ಅದರಲ್ಲಿ ತೊಂದರೆ ಏನು, ನಾನು ಕಂಡುಹಿಡಿದದ್ದು ಏನು, ಚಿತ್ರ ನೋಡಿ ಅಂತ. ಕೊನೆಗೆ ಅಂಕಿ ಹಾಕಿ ಒಂದು, ಎರಡು, ಮೂರು ಅಂತ ಬರೆದ ವಾಕ್ಯಗಳು. ಅವಕ್ಕೆ ಕ್ಲೇಮು ಅನ್ನುತ್ತಾರೆ. 1970ರ ಪೇಟೆಂಟು ಕಾಯಿದೆಯ 10ನೇ ಕಲಮು ಹೇಳುವುದು ಇದನ್ನೇ: ಯಾವುದಕ್ಕೆ ರಕ್ಷಣೆ ಬೇಕೋ ಅದರ ಎಲ್ಲೆಯನ್ನು ಕ್ಲೇಮಿನಲ್ಲಿ ಸ್ಪಷ್ಟವಾಗಿ, ಚುಟುಕಾಗಿ ಬರೆಯಬೇಕು.

ಚಕ್ಕುಬಂದಿಯೊಳಗೆ ಬಂದದ್ದು ಅವನದು. ಹೊರಗೆ ಉಳಿದದ್ದು ಊರಿನದು. ಒಂದು ವ್ಯತ್ಯಾಸ ಇದೆ. ಜಮೀನಿನಲ್ಲಿ ಕಲ್ಲು ನೆಟ್ಟಿರುತ್ತದೆ, ಸರ್ವೆಯವರು ಸರಪಳಿ ಹಿಡಿದು ಅಳೆಯಬಹುದು. ಪೇಟೆಂಟಿನಲ್ಲಿ ನೆಟ್ಟ ಕಲ್ಲೂ ಮಾತೇ, ಅಳೆಯುವ ಸರಪಳಿಯೂ ಮಾತೇ.

ಬುಗುರಿಯನ್ನೇ ತೆಗೆದುಕೊಳ್ಳಿ. ಯಾರೋ ಒಬ್ಬರು ಹೊಸ ನಮೂನೆ ಬುಗುರಿಗೆ ಪೇಟೆಂಟು ಪಡೆದಿದ್ದಾರೆ ಅನ್ನೋಣ (ಇದು ನಾನು ಕಟ್ಟಿದ ಉದಾಹರಣೆ). ಒಂದನೇ ಕ್ಲೇಮು ಹೀಗಿದೆ: "ಮರದ ಒಡಲು, ಆ ಒಡಲಿನ ಮೇಲೆ ಕೂರಿಸಿದ ಒಂದು ಬಳೆ, ಒಡಲಿನ ತುದಿಗೆ ಹೊಡೆದ ಉಕ್ಕಿನ ಮೊಳೆ, ಇವನ್ನು ಒಳಗೊಂಡ ಬುಗುರಿ." ಈಗ ನಮ್ಮ ಕಡೆಯ ಆಚಾರಿಯೊಬ್ಬರು ಬುಗುರಿ ಕಡೆದಿದ್ದಾರೆ. ಅವರದರಲ್ಲಿ ಬಳೆ ಬೇರೆ ಇಲ್ಲ. ಲೇತಿನಲ್ಲಿ ತಿರುಗಿಸುವಾಗಲೇ ಒಡಲಿನಲ್ಲಿ ಬಳೆಯಂಥ ಉಬ್ಬು ಬಿಟ್ಟು, ಅದಕ್ಕೆ ಅರಗಿನ ಬಣ್ಣ ಹಿಡಿಸಿದ್ದಾರೆ. ಮೊಳೆಯೂ ಉಕ್ಕಿನದಲ್ಲ, ಹಿತ್ತಾಳೆಯದು. ದೂರದಿಂದ ನೋಡಿದರೆ ಎರಡೂ ಒಂದೇ. ಮಗು ಎರಡನ್ನೂ ಒಂದೇ ಥರ ತಿರುಗಿಸುತ್ತದೆ.

ಆಚಾರಿ ಸಿಕ್ಕಿಬಿದ್ದರೇ?

ಪೇಟೆಂಟಿನವರ ವಕೀಲರು, "ಸ್ವಾಮಿ, ಬಳೆ ಬಳೆಯೇ, ಉಬ್ಬಾದರೇನು, ಕೂರಿಸಿದರೇನು, ಕೆಲಸ ಒಂದೇ ಅಲ್ಲವೇ?" ಅನ್ನುತ್ತಾರೆ. ಆಚಾರಿಯ ವಕೀಲರು, "ಕೂರಿಸಿದ ಅಂತ ಬರೆದದ್ದು ನೀವೇ. ಕೂರಿಸಬೇಕಾದರೆ ಎರಡು ವಸ್ತು ಬೇಕು. ನಮ್ಮದು ಒಂದೇ ಮರ" ಅನ್ನುತ್ತಾರೆ. ಇಬ್ಬರ ಮಾತೂ ಸರಿ ಅನ್ನಿಸುತ್ತದೆ. ಜಡ್ಜು ಏನು ಮಾಡಬೇಕು? ನಿಘಂಟು ತೆಗೆದು 'ಕೂರಿಸು' ಪದದ ಅರ್ಥ ನೋಡಿದರೆ ಸಾಕೇ?

ಸಾಲದು. ಅದನ್ನು ನಮ್ಮ ದೇಶದ ಅತ್ಯುನ್ನತ ಕೋರ್ಟು ಹೇಳಿದ್ದು ಒಂದು ಪಾತ್ರೆ ಕೇಸಿನಲ್ಲಿ.

*ಮಿರ್ಜಾಪುರದ ಲೇತು*

ಉತ್ತರ ಪ್ರದೇಶದ ಮಿರ್ಜಾಪುರ ಹಿತ್ತಾಳೆ ಪಾತ್ರೆಗೆ ಹೆಸರಾದ ಊರು. ಅಲ್ಲಿ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಅಂತ ಪಾಲುದಾರಿಕೆಯ ಒಂದು ಸಂಸ್ಥೆ. ತಟ್ಟೆ, ಬಟ್ಟಲು ಮುಂತಾದ್ದನ್ನು ಲೇತಿನಲ್ಲಿ ತಿರುಗಿಸಿ, ಕೆರೆದು, ಹೊಳಪು ಕೊಡುವ ಕೆಲಸ. ಹಳೆ ಪದ್ಧತಿಯಲ್ಲಿ ಪಾತ್ರೆಯನ್ನು ಲೇತಿನ ಒಂದೇ ತುದಿಗೆ, ಕಾಸಿದರೆ ಮೆತ್ತಗಾಗುವ ಅಂಟಿನಿಂದಲೋ ಹಿಡಿಕೆಯಿಂದಲೋ ಕಚ್ಚಿಸುತ್ತಿದ್ದರು. ಇನ್ನೊಂದು ತುದಿಯಲ್ಲಿ ಆಸರೆ ಇಲ್ಲ. ಲೇತು ಜೋರಾಗಿ ತಿರುಗುವಾಗ ಪಾತ್ರೆ ಕಿತ್ತು ಹಾರಿ ಕೆಲಸದವನಿಗೆ ಬಡಿಯುವ ಅಪಾಯ ಇತ್ತು. ಆಚೆ ತುದಿಯಿಂದಲೂ ಒತ್ತಿ ಹಿಡಿಯುವ ಒಂದು ಸಾಧನ ಸೇರಿಸಿ, ಇದು ನಮ್ಮ ಹೊಸ ಶೋಧ ಅಂತ ಆ ಸಂಸ್ಥೆ 1951ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿತು. ಪೇಟೆಂಟೂ ಸಿಕ್ಕಿತು. ಅದೇ ಊರಿನ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಅನ್ನುವ ಸಂಸ್ಥೆಯೂ ಅದೇ ರೀತಿ ಪಾತ್ರೆ ತಿರುಗಿಸುತ್ತಿದೆ ಅಂತ ಗೊತ್ತಾದಾಗ ದಾವಾ ಬಿತ್ತು. ಎದುರಿನವರು ಸುಮ್ಮನೆ ಕೂರಲಿಲ್ಲ. "ಇದರಲ್ಲಿ ಹೊಸದು ಏನೂ ಇಲ್ಲ, ಪೇಟೆಂಟನ್ನೇ ರದ್ದು ಮಾಡಿ" ಅಂದರು.

ಅಲಹಾಬಾದ್ ಹೈಕೋರ್ಟಿನಲ್ಲಿ ಒಬ್ಬ ಜಡ್ಜು ಪೇಟೆಂಟು ರದ್ದು ಅಂದರು. ಇಬ್ಬರ ಪೀಠ ಅದನ್ನು ತಿರುಗಿಸಿ ಪೇಟೆಂಟು ಸರಿ ಅಂದಿತು. ಕೊನೆಗೆ 1978ರಲ್ಲಿ ಸುಪ್ರೀಂ ಕೋರ್ಟು ಮೊದಲಿನ ಜಡ್ಜು ಹೇಳಿದ್ದೇ ಸರಿ ಅಂತ ಪೇಟೆಂಟು ರದ್ದಾದದ್ದನ್ನು ಎತ್ತಿಹಿಡಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಸರ್ಕಾರಿಯಾ. 1951ರಿಂದ 1978ಕ್ಕೆ ಎಷ್ಟಾಯಿತು? 27 ವರ್ಷ. ಆಗಿನ 1911ರ ಕಾಯಿದೆಯ ಪ್ರಕಾರ ಪೇಟೆಂಟಿನ ಆಯಸ್ಸು 16 ವರ್ಷ. ಅಂದರೆ ಹಸು ಸತ್ತು ಹನ್ನೊಂದು ವರ್ಷ ಕಳೆದ ಮೇಲೆ ಹಾಲು ಯಾರದು ಅಂತ ತೀರ್ಮಾನವಾಯಿತು! ಕೋರ್ಟಿಗೆ ಹೋಗುವ ಮುಂಚೆ ಈ ಲೆಕ್ಕ ಎರಡೂ ಕಡೆಯವರ ತಲೆಯಲ್ಲಿರುವುದು ಒಳ್ಳೆಯದು.

ಆದರೆ ಆ ತೀರ್ಪಿನಲ್ಲಿ ಹೇಳಿದ ಓದುವ ಕ್ರಮ ಇವತ್ತಿಗೂ ಚಾಲ್ತಿಯಲ್ಲಿದೆ. ಕ್ಲೇಮನ್ನು ಮೊದಲು ಓದಿ ಆಮೇಲೆ ವಿವರಣೆಗೆ ಹೋಗಬಾರದು. ಮೊದಲು ವಿವರಣೆಯನ್ನೇ ಓದಬೇಕು. ಇವನು ಏನು ಕಂಡುಹಿಡಿದೆ ಅನ್ನುತ್ತಿದ್ದಾನೆ ಅನ್ನುವುದು ಮನಸ್ಸಿಗೆ ಹತ್ತಿದ ಮೇಲೆ ಕ್ಲೇಮಿಗೆ ಬರಬೇಕು. ತಾನು ಕಂಡುಹಿಡಿದದ್ದಕ್ಕಿಂತ ಹೆಚ್ಚಿಗೆ ಬೇಲಿ ಹಾಕಿಕೊಳ್ಳಲು ಯಾರಿಗೂ ಬಿಡುವುದಿಲ್ಲ. ಈ ಮಾತಿಗೆ ಕೋರ್ಟು 1871ರ ಒಂದು ಇಂಗ್ಲಿಷ್ ಕೇಸನ್ನು ಆಧಾರ ಮಾಡಿಕೊಂಡಿತು.

ಇನ್ನೊಂದು ಮಾತು ನಮ್ಮ ಗ್ಯಾರೇಜು, ವರ್ಕ್‌ಶಾಪಿನವರೆಲ್ಲ ನೆನಪಿಡಬೇಕಾದ್ದು. ಹಳೆ ಯಂತ್ರಕ್ಕೆ ಸಣ್ಣಪುಟ್ಟ ಸುಧಾರಣೆ ಮಾಡಿದರೆ ಅದು ಶೋಧ ಆಗುವುದಿಲ್ಲ. ಕಸುಬು ಗೊತ್ತಿದ್ದ ಯಾವನಾದರೂ ಕೆಲಸ ಮಾಡುತ್ತಾ ಮಾಡುತ್ತಾ ಹೊಳೆದು ಮಾಡಿಬಿಡಬಹುದಾದ್ದಕ್ಕೆ ಪೇಟೆಂಟು ನಿಲ್ಲುವುದಿಲ್ಲ. ಲೇತಿನ ಆಚೆ ತುದಿಯಲ್ಲಿ ಒತ್ತಿ ಹಿಡಿಯುವುದು ಲೇತು ಕಂಡವರಿಗೆಲ್ಲ ಗೊತ್ತಿದ್ದ ಸಂಗತಿ, ಅದನ್ನು ಪಾತ್ರೆಗೆ ಹಚ್ಚಿದ ಮಾತ್ರಕ್ಕೆ ಹೊಸದಾಗಲಿಲ್ಲ. ಸರ್ಕಾರದವರು ಪರೀಕ್ಷೆ ಮಾಡಿ ಮೊಹರು ಒತ್ತಿ ಕೊಟ್ಟರಲ್ಲ ಅಂದರೆ, ಆ ಮೊಹರು ಪೇಟೆಂಟು ಗಟ್ಟಿ ಅನ್ನುವುದಕ್ಕೆ ಜಾಮೀನಲ್ಲ. ಕೋರ್ಟಿನಲ್ಲಿ ಅದನ್ನು ಯಾವಾಗ ಬೇಕಾದರೂ ಅಲ್ಲಾಡಿಸಿ ನೋಡಬಹುದು.

ಈಗ ಬುಗುರಿಗೆ ಬನ್ನಿ. ಮಿರ್ಜಾಪುರದ ಕ್ರಮದಂತೆ ಮೊದಲು ವಿವರಣೆ ಓದೋಣ. "ಹಳೆಯ ಬುಗುರಿಗಳಲ್ಲಿ ಬಣ್ಣದ ಬಳೆ ಒಡಲಿಗೇ ಸೇರಿದ್ದರಿಂದ ಸವೆದರೆ ಬದಲಿಸಲು ಆಗುತ್ತಿರಲಿಲ್ಲ, ಆದ್ದರಿಂದ ಕಳಚಿ ಹಾಕುವ ಬಳೆ ಮಾಡಿದೆ" ಅಂತ ಅಲ್ಲಿ ಬರೆದಿದ್ದರೆ ಆಚಾರಿ ಬಚಾವು. ಪೇಟೆಂಟಿನವನ ಶೋಧವೇ ಕಳಚುವ ಬಳೆ. ಆಚಾರಿ ಮಾಡಿದ್ದು ಅವನೇ ಬೇಡ ಅಂದ ಹಳೆ ಕ್ರಮ. ಅದೇ ವಿವರಣೆಯಲ್ಲಿ, "ಬಳೆಯ ಭಾರದಿಂದ ಬುಗುರಿ ಹೆಚ್ಚು ಹೊತ್ತು ತಿರುಗುತ್ತದೆ, ಅದೇ ನನ್ನ ಶೋಧ" ಅಂತ ಇದ್ದರೆ? ಆಗ ಬಳೆ ಬೇರೆಯಾಗಿರಲಿ, ಒಡಲಿನದೇ ಉಬ್ಬಾಗಿರಲಿ, ಭಾರ ಭಾರವೇ. ಆಚಾರಿಗೆ ಕಷ್ಟ. ಕ್ಲೇಮಿನ ಮಾತು ಎರಡೂ ಕಡೆ ಒಂದೇ. ಹಿಂದಿನ ವಿವರಣೆ ಬದಲಾದಂತೆ ಅದರ ತೂಕ ಬದಲಾಯಿತು.

*ಕಣ್ಣಿಗೆ ಹಿಡಿಯುವ ಡಬ್ಬಿ*

ಮಿರ್ಜಾಪುರದ ತೀರ್ಪಿಗೆ ಒಂದು ವರ್ಷ ಮುಂಚೆ, 1977ರಲ್ಲಿ, ದೆಹಲಿ ಹೈಕೋರ್ಟಿನ ಮುಂದೆ ಇನ್ನೊಂದು ಪೇಟೆಂಟು ಕೇಸು ತೀರ್ಮಾನವಾಯಿತು. ರಾಜ್ ಪ್ರಕಾಶ್ ವಿರುದ್ಧ ಮಂಗತ್ ರಾಮ್ ಚೌಧರಿ. ವಸ್ತು, ಫಿಲಂ ಸ್ಟ್ರಿಪ್ ವ್ಯೂವರ್. ಫಿಲಂ ತುಂಡು ತೂರಿಸಿ ಒಂದೊಂದೇ ಚಿತ್ರ ನೋಡುವ ಸಾಧನ. ಜಾತ್ರೆಯಲ್ಲಿ ಪುಟ್ಟ ಡಬ್ಬಿ ಕಣ್ಣಿಗೆ ಹಿಡಿದು, ಬೆಳಕಿನ ಕಡೆ ಮುಖ ಮಾಡಿ ಸಿನಿಮಾ ನಟರನ್ನು ನೋಡಿ ಬೆಳೆದವರಿಗೆ ಅದು ಯಾವ ಜಾತಿಯ ಮಾಲು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ಹೈಕೋರ್ಟು ಒತ್ತಿಹೇಳಿದ್ದು ಮಿರ್ಜಾಪುರದ ಇನ್ನೊಂದು ಮುಖ. ಪೇಟೆಂಟು ಪಡೆದ ವಸ್ತುವನ್ನೂ ನಕಲು ಅನ್ನಲಾದ ವಸ್ತುವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಶೋಧದ ತಿರುಳು ಎರಡರಲ್ಲೂ ಉಂಟೋ ಅಂತ ಹುಡುಕಬೇಕು. ಮುಖ್ಯವಲ್ಲದ ಭಾಗಗಳನ್ನು ಅಷ್ಟಿಷ್ಟು ಬದಲಾಯಿಸಿದ ಮಾತ್ರಕ್ಕೆ ನಕಲು ಮಾಡಿದವನು ತಪ್ಪಿಸಿಕೊಳ್ಳಲಾರ. ಸಾಧಿಸುವ ಉದ್ದೇಶ ಒಂದೇ, ದಾರಿಯೂ ಹೆಚ್ಚುಕಡಿಮೆ ಅದೇ ಆಗಿದ್ದರೆ, ಸಣ್ಣ ವ್ಯತ್ಯಾಸ ರಕ್ಷಣೆಗೆ ಬರುವುದಿಲ್ಲ.

ಇಲ್ಲಿ ಓದುಗರು ಗಲಿಬಿಲಿಯಾಗುವುದು ಸಹಜ. ಒಂದು ಕಡೆ ಬರೆದ ಮಾತಿನ ಆಚೆಗೆ ಹಕ್ಕಿಲ್ಲ ಅಂತಾರೆ. ಇನ್ನೊಂದು ಕಡೆ ಸಣ್ಣ ಬದಲಾವಣೆ ಮಾಡಿ ತಪ್ಪಿಸಿಕೊಳ್ಳುವಂತಿಲ್ಲ ಅಂತಾರೆ. ಯಾವುದು ಸತ್ಯ? ಎರಡೂ. ಯಾವ ಮಾತು ಬೇಲಿಯ ಕಂಬ, ಯಾವ ಮಾತು ಬೇಲಿಗೆ ಹಬ್ಬಿದ ಬಳ್ಳಿ ಅಂತ ವಿಂಗಡಿಸುವುದೇ ಜಡ್ಜರ ಕೆಲಸ. ವಿಂಗಡಿಸುವಾಗ ಅವರು ಹಾಕಿಕೊಳ್ಳಬೇಕಾದ್ದು ಕಸುಬುದಾರನ ಕನ್ನಡಕ, ಪಂಡಿತನದಲ್ಲ. ಬುಗುರಿ ಕಡೆಯುವವನು ಆ ಕ್ಲೇಮು ಓದಿದರೆ 'ಉಕ್ಕಿನ ಮೊಳೆ' ಅಂದದ್ದನ್ನು ಉಕ್ಕೇ ಆಗಬೇಕು ಅಂತ ತಿಳಿಯುತ್ತಾನೋ, ಗಟ್ಟಿ ಲೋಹದ ಮೊಳೆ ಅಂತ ತಿಳಿಯುತ್ತಾನೋ? 2015ರಲ್ಲಿ ರೋಷ್ ಮತ್ತು ಸಿಪ್ಲಾ ಕಂಪನಿಗಳ ಕ್ಯಾನ್ಸರ್ ಮಾತ್ರೆ ಕೇಸಿನಲ್ಲೂ ದೆಹಲಿ ಹೈಕೋರ್ಟು ಕ್ಲೇಮು ಓದುವ ಕ್ರಮವನ್ನು ವಿವರವಾಗಿ ಬರೆಯಿತು. ಕೋಟಿಗಟ್ಟಲೆಯ ಮಾತ್ರೆಗೂ ಹತ್ತು ರೂಪಾಯಿಯ ಬುಗುರಿಗೂ ಓದುವ ಕ್ರಮ ಬೇರೆ ಬೇರೆ ಇಲ್ಲ.

ಮನೆ ಕಟ್ಟಿಸಿದವರಿಗೆ ಲಿಂಟಲ್ ಗೊತ್ತು. ಇಂಗ್ಲೆಂಡಿನಲ್ಲಿ ಉಕ್ಕಿನ ಲಿಂಟಲಿನ ಮೇಲೆ ಹಿಂದೆ ದೊಡ್ಡ ಕೇಸು. ಕ್ಯಾಟ್ನಿಕ್ ಕಂಪನಿಯ ಕ್ಲೇಮಿನಲ್ಲಿ ಹಿಂಬದಿಯ ತಗಡು 'ಲಂಬವಾಗಿ' ನಿಂತಿರಬೇಕು ಅಂತ ಇತ್ತು. ಎದುರಾಳಿ ಅದನ್ನು ಆರೆಂಟು ಡಿಗ್ರಿ ವಾಲಿಸಿ, ನಮ್ಮದು ಲಂಬ ಅಲ್ಲ ಅಂದ. ಆಗಿನ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಕಟ್ಟಡ ಕೆಲಸದವನಿಗೆ ಅಷ್ಟು ವಾಲಿದ್ದೂ ಲಂಬವೇ, ಅದು ಹೊರೆ ಹೊರುವುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ ಅಂತ ನಕಲುದಾರನ ವಿರುದ್ಧ ತೀರ್ಪಾಯಿತು.

ಹಾಗಂತ ಎಲ್ಲ ಮಾತೂ ರಬ್ಬರಲ್ಲ. ಬಸ್ಸಿನಲ್ಲಿ ಹೈಸ್ಕೂಲು ಹುಡುಗರು ಕಟಕಟ ತಿರುಗಿಸುವ ಬಣ್ಣದ ಚೌಕ ಇದೆಯಲ್ಲ, ರೂಬಿಕ್ಸ್ ಕ್ಯೂಬು? ಹಂಗೇರಿಯ ಎರ್ನೋ ರೂಬಿಕ್ 1974ರಲ್ಲಿ ಮಾಡಿದ್ದು. ಅದಕ್ಕೂ ಮುಂಚೆ ಅಮೆರಿಕದ ಲ್ಯಾರಿ ನಿಕೋಲ್ಸ್ ಅನ್ನುವವರಿಗೆ 1972ರಲ್ಲೇ ಅಂಥದೇ ಒಂದಕ್ಕೆ ಪೇಟೆಂಟು ಸಿಕ್ಕಿತ್ತು. ಅವರದು ಎರಡು ಮನೆಯ ಚೌಕ, ಅಯಸ್ಕಾಂತದಿಂದ ಅಂಟಿಕೊಂಡ ಎಂಟು ತುಂಡು. ರೂಬಿಕ್ಸ್ ಕ್ಯೂಬು ಜಗತ್ತೆಲ್ಲ ಮಾರಾಟವಾದಾಗ, 1982ರಲ್ಲಿ, ನಿಕೋಲ್ಸ್ ಕೆಲಸ ಮಾಡುತ್ತಿದ್ದ ಮಾಲಿಕ್ಯುಲಾನ್ ಕಂಪನಿ ದಾವಾ ಹೂಡಿತು. ಕೆಳ ಕೋರ್ಟು 1984ರಲ್ಲಿ ಮಾಲಿಕ್ಯುಲಾನ್ ಪರವಾಗಿ ಹೇಳಿತು. ಮೇಲ್ಮನವಿಯಲ್ಲಿ 1986ರಲ್ಲಿ ಲೆಕ್ಕ ಒಡೆಯಿತು. ಎರಡು ಮನೆಯ ಪುಟ್ಟ ಕ್ಯೂಬು ಪೇಟೆಂಟಿನೊಳಗೆ ಬಿತ್ತು. ನಮಗೆಲ್ಲ ಗೊತ್ತಿರುವ ಮೂರು ಮನೆಯ ಕ್ಯೂಬಿನ ವಿಷಯದಲ್ಲಿ ಕೆಳ ಕೋರ್ಟಿನ ತೀರ್ಪು ನಿಲ್ಲಲಿಲ್ಲ. ಕ್ಲೇಮಿನಲ್ಲಿ 'ಎಂಟು' ಚೌಕದ ತುಂಡು ಅಂತ ಅಂಕಿ ಹಾಕಿ ಬರೆದಿತ್ತು. ಮೂರು ಮನೆಯದರಲ್ಲಿ ಹೊರಗೆ ಕಾಣುವ ತುಂಡು ಎಣಿಸಿ, 26. ಆಟ ಅದೇ, ತಿರುಗಿಸುವ ರೀತಿಯೂ ಅದೇ. ಆದರೆ ಎಂಟು ಅಂದದ್ದು ಎಂಟು.

ಇದರಿಂದ ಒಂದು ವಿಚಿತ್ರ ಹೊರಬರುತ್ತದೆ, ಅಂಗಡಿಯವರಿಗೆ ಮೊದಲು ನಂಬಿಕೆಯೇ ಬರುವುದಿಲ್ಲ. ಕ್ಲೇಮಿನಲ್ಲಿ ಮಾತು ಜಾಸ್ತಿಯಾದಷ್ಟೂ ಹಕ್ಕು ಕಿರಿದಾಗುತ್ತದೆ. 'ಬುಗುರಿ' ಅಂತ ಮಾತ್ರ ಬರೆದರೆ ಲೋಕದ ಬುಗುರಿಯೆಲ್ಲ ಬೇಲಿಯೊಳಗೆ ಬರುತ್ತದೆ, ಆದರೆ ಬುಗುರಿ ಹೊಸದಲ್ಲವಾದ್ದರಿಂದ ಪೇಟೆಂಟೇ ಸಿಗುವುದಿಲ್ಲ. 'ಮರದ ಬುಗುರಿ' ಅಂದ ಕೂಡಲೇ ಪ್ಲಾಸ್ಟಿಕ್ಕಿನದು ಆಚೆ ಹೋಯಿತು. 'ಬಳೆ ಕೂರಿಸಿದ ಮರದ ಬುಗುರಿ' ಅಂದರೆ ಇನ್ನಷ್ಟು ಆಚೆ. ಬರೆದ ಒಂದೊಂದು ಅಂಶವೂ ಎದುರಿನವನ ಮಾಲಿನಲ್ಲಿ ಇದ್ದರೆ ಮಾತ್ರ ಅವನು ಸಿಕ್ಕಿಬಿದ್ದ. ಹಾಗೆಯೇ 'ಒಳಗೊಂಡ' ಅನ್ನುವುದಕ್ಕೂ 'ಇಷ್ಟು ಮಾತ್ರ ಇರುವ' ಅನ್ನುವುದಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ನೀವು ಬಳೆಯ ಜೊತೆಗೆ ಗೆಜ್ಜೆ ಕಟ್ಟಿದರೂ ಸಿಕ್ಕಿಬೀಳುತ್ತೀರಿ. ಎರಡನೆಯದರಲ್ಲಿ ಗೆಜ್ಜೆ ಸೇರಿಸಿದರೆ ತಪ್ಪಿಸಿಕೊಳ್ಳಬಹುದು. ಪೇಟೆಂಟಿನ ಕಾಗದ ಬರೆಯುವವರು ಇಂಥ ಒಂದೊಂದು ಪದಕ್ಕೂ ಫೀಸು ತೆಗೆದುಕೊಳ್ಳುವುದು ಸುಮ್ಮನೆ ಅಲ್ಲ.

*ಚನ್ನಪಟ್ಟಣದ ಮಾತೇ ಬೇರೆ*

"ಹಾಗಾದರೆ ಚನ್ನಪಟ್ಟಣದ ಗೊಂಬೆಗೆ ಪೇಟೆಂಟು ಯಾರದು?" ಈ ಪ್ರಶ್ನೆ ಬಂದೇ ಬರುತ್ತದೆ. ಯಾರದೂ ಅಲ್ಲ. ಆಲೆ ಮರವನ್ನು ಒಣಗಿಸಿ, ಲೇತಿನಲ್ಲಿ ಕಡೆದು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುವಂತೆ ಮಾಡಿ, ಗರಿಯಿಂದ ಹೊಳಪು ಕೊಡುವ ವಿದ್ಯೆ ಟಿಪ್ಪೂ ಕಾಲದಿಂದ ಬಂದದ್ದು ಅಂತ ಅಲ್ಲಿನವರು ಹೇಳುತ್ತಾರೆ. ತಲೆಮಾರುಗಳಿಂದ ಎಲ್ಲರಿಗೂ ಗೊತ್ತಿರುವುದಕ್ಕೆ ಪೇಟೆಂಟು ಕೊಡಬಾರದು ಅಂತ ಕಾಯಿದೆಯ 3ನೇ ಕಲಮಿನಲ್ಲೇ ಇದೆ.

ಚನ್ನಪಟ್ಟಣಕ್ಕೆ ಇರುವುದು ಬೇರೆ ರಕ್ಷಣೆ. ಜಿಐ, ಅಂದರೆ ಊರಿನ ಹೆಸರಿನ ಹಕ್ಕು. 1999ರ ಕಾಯಿದೆ, 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಆ ಹೆಸರಿನ ಪಟ್ಟಿಗೆ ಚನ್ನಪಟ್ಟಣದ ಗೊಂಬೆ ಮೊದಮೊದಲೇ ಸೇರಿತು. ಆಮೇಲೆ ಕಿನ್ನಾಳದ ಗೊಂಬೆಯೂ ಸೇರಿತು. (ಕಿನ್ನಾಳ ಇರುವುದು ಕೊಪ್ಪಳ ಜಿಲ್ಲೆಯಲ್ಲಿ. ನಮ್ಮ ಕೊಪ್ಪಕ್ಕೆ ಬರುವ ಕಾಗದ ಅಲ್ಲಿಗೂ, ಅಲ್ಲಿಯದು ಇಲ್ಲಿಗೂ ಹೋಗುವುದು ಹಳೆ ಕಥೆ.) ಇಲ್ಲಿ ಬೇಲಿ ಇರುವುದು ಹೆಸರಿನ ಸುತ್ತ, ಮಾಡುವ ವಿದ್ಯೆಯ ಸುತ್ತ ಅಲ್ಲ. ನರಸಿಂಹರಾಜಪುರದ ಆಚಾರಿ ಅರಗು ಹಚ್ಚಿ ಬುಗುರಿ ಮಾಡಿ 'ಎನ್.ಆರ್.ಪುರದ ಬುಗುರಿ' ಅಂತ ಮಾರಿದರೆ ಜಿಐ ಕಾಯಿದೆ ಅವರ ತಂಟೆಗೆ ಬರುವುದಿಲ್ಲ. ಎಲ್ಲಿಂದಲೋ ಬಂದ ಮಾಲಿಗೆ 'ಚನ್ನಪಟ್ಟಣದ ಗೊಂಬೆ' ಅಂತ ಬೋರ್ಡು ಹಾಕಿ ಮಾರಿದರೆ ಬರುತ್ತದೆ. ಸುಳ್ಳು ಹೆಸರು ಹಚ್ಚಿದ್ದು ಸಾಬೀತಾದರೆ ಆರು ತಿಂಗಳಿಂದ ಮೂರು ವರ್ಷ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಬೋರ್ಡು ಬರೆಸುವ ಮುಂಚೆ ಮಾಲು ಎಲ್ಲಿಂದ ಬಂತು ಅನ್ನುವ ಬಿಲ್ಲು ಕೈಯಲ್ಲಿರಲಿ.

*ನೋಟೀಸು ಬಂದವರು*

ಮತ್ತೆ ಆ ಸ್ಪೀಡ್ ಪೋಸ್ಟಿನ ವಿಷಯ. "ನಾನು ಮಾಡಿದ್ದಲ್ಲ, ಬರೀ ಮಾರಿದ್ದು" ಅಂದರೆ ನಡೆಯುವುದಿಲ್ಲ. ಪೇಟೆಂಟು ಇರುವ ವಸ್ತುವನ್ನು ಅಪ್ಪಣೆಯಿಲ್ಲದೆ ಮಾಡುವುದು, ಬಳಸುವುದು, ಮಾರುವುದು, ಮಾರಲು ಇಡುವುದು, ಹೊರದೇಶದಿಂದ ತರಿಸುವುದು ಎಲ್ಲವೂ 48ನೇ ಕಲಮಿನಲ್ಲಿ ಒಂದೇ ಸಾಲಿನಲ್ಲಿವೆ. ಆದರೆ 111ನೇ ಕಲಮು ಚಿಲ್ಲರೆ ವ್ಯಾಪಾರಿಗೆ ಕೊಂಚ ಉಸಿರು ಬಿಡಲು ಅವಕಾಶ ಕೊಡುತ್ತದೆ. ಪೇಟೆಂಟು ಇರುವುದು ನನಗೆ ಗೊತ್ತಿರಲಿಲ್ಲ, ಗೊತ್ತಾಗಲು ಕಾರಣವೂ ಇರಲಿಲ್ಲ ಅಂತ ತೋರಿಸಿದರೆ ಅಲ್ಲಿವರೆಗಿನ ನಷ್ಟ ಕಟ್ಟಿಕೊಡಬೇಕಾಗಿಲ್ಲ. ಡಬ್ಬಿಯ ಮೇಲೆ ಬರೀ 'ಪೇಟೆಂಟು' ಅಂತ ಅಚ್ಚು ಹಾಕಿದರೆ ಗೊತ್ತು ಮಾಡಿದ ಹಾಗಾಗುವುದಿಲ್ಲ, ನಂಬರೂ ಇರಬೇಕು. ಆದರೆ ಮುಂದಕ್ಕೆ ಮಾರಬೇಡ ಅಂತ ಕೋರ್ಟು ತಡೆ ಕೊಡಬಹುದು. ನೋಟೀಸು ಕೈಗೆ ಬಂದ ದಿನದಿಂದ 'ಗೊತ್ತಿರಲಿಲ್ಲ' ಅನ್ನುವ ಮಾತೂ ಸತ್ತಿತು. ಆದ್ದರಿಂದ ಕವರನ್ನು ಗಲ್ಲಾಪೆಟ್ಟಿಗೆ ಕೆಳಗೆ ತುರುಕಿ ಮರೆಯುವುದು ಎಲ್ಲಕ್ಕಿಂತ ಕೆಟ್ಟ ಉಪಾಯ.

ಮೊದಲು ನೋಡಬೇಕಾದ್ದು ನಂಬರು. ನೋಟೀಸಿನಲ್ಲಿ ಪೇಟೆಂಟಿನ ನಂಬರು ಇಲ್ಲದಿದ್ದರೆ ಬರೆದು ಕೇಳಿ. ಸರ್ಕಾರದ ಪೇಟೆಂಟು ಕಚೇರಿಯ ವೆಬ್‌ಸೈಟಿನಲ್ಲಿ ಆ ನಂಬರು ಹಾಕಿದರೆ ಪೂರ್ತಿ ಕಾಗದ, ಕ್ಲೇಮು ಸಮೇತ, ಕಾಸಿಲ್ಲದೆ ಸಿಗುತ್ತದೆ. ವರ್ಷವರ್ಷದ ಫೀಸು ಕಟ್ಟದೆ ಪೇಟೆಂಟು ಸತ್ತುಹೋಗಿರಬಹುದು, 20 ವರ್ಷದ ಅವಧಿ ಮುಗಿದಿರಬಹುದು, ಅಥವಾ ಬರೀ ಅರ್ಜಿ ಹಾಕಿ ಮಂಜೂರಾಗದೆ ಕೂತಿರಬಹುದು. ಆಮೇಲೆ ಮಿರ್ಜಾಪುರದ ಕ್ರಮ: ಮೊದಲು ವಿವರಣೆ, ಆಮೇಲೆ ಕ್ಲೇಮು. ಕ್ಲೇಮಿನ ಒಂದೊಂದು ಅಂಶಕ್ಕೂ ಗೆರೆ ಎಳೆದು, ನಿಮ್ಮ ಮಾಲಿನಲ್ಲಿ ಅದು ಇದೆಯೋ ಇಲ್ಲವೋ ಅಂತ ಪಕ್ಕದಲ್ಲಿ ಬರೆಯಿರಿ. ಈ ಒಂದು ಹಾಳೆ ಹಿಡಿದು ವಕೀಲರಲ್ಲಿ ಹೋದರೆ ಅವರ ಅರ್ಧ ದಿನ ಉಳಿಯುತ್ತದೆ, ನಿಮ್ಮ ಫೀಸೂ ಉಳಿದೀತು.

ಆಧಾರವಿಲ್ಲದೆ ಹೆದರಿಸುವವರಿಗೂ ಕಾಯಿದೆಯಲ್ಲಿ ಮದ್ದಿದೆ. 106ನೇ ಕಲಮಿನ ಪ್ರಕಾರ ಸುಮ್ಮಸುಮ್ಮನೆ ಪೇಟೆಂಟಿನ ಬೆದರಿಕೆ ಹಾಕಿದವರ ಮೇಲೆ ಬೆದರಿಕೆಗೆ ಒಳಗಾದವರೇ ದಾವಾ ಹೂಡಬಹುದು, ಬೆದರಿಕೆ ನಿಲ್ಲಿಸಲು ತಡೆಯಾಜ್ಞೆ ತರಬಹುದು, ಆದ ನಷ್ಟವನ್ನೂ ಕೇಳಬಹುದು. ಇಂಥ ಪೇಟೆಂಟು ಉಂಟು ಅಂತ ಬರೀ ತಿಳಿಸಿದರೆ ಅದು ಬೆದರಿಕೆ ಅಲ್ಲ. ಪೇಟೆಂಟೇ ಇಲ್ಲದೆ ಇದೆ ಅಂತ ಮಾಲಿನ ಮೇಲೆ ಸುಳ್ಳು ಅಚ್ಚು ಹಾಕುವವರಿಗೆ, 2023ರ ತಿದ್ದುಪಡಿ ಆದ ಮೇಲೆ, ಹತ್ತು ಲಕ್ಷ ರೂಪಾಯಿವರೆಗೆ ದಂಡ.

ಕೇಸು ನಡೆಯುವುದೆಲ್ಲಿ? ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕೋರ್ಟುಗಳಲ್ಲಿ ಅಲ್ಲ. ಪೇಟೆಂಟು ದಾವಾ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಂದರೆ ಬೆಳಗಿನ ಬಸ್ಸು ಹತ್ತಿ ಬಾಳೆಹೊನ್ನೂರು, ಆಲ್ದೂರು ದಾಟಿ ಚಿಕ್ಕಮಗಳೂರು. ನೀವು ಮಿರ್ಜಾಪುರದವರ ಹಾಗೆ "ಪೇಟೆಂಟನ್ನೇ ರದ್ದು ಮಾಡಿ" ಅಂತ ಪ್ರತಿದಾವಾ ಹಾಕಿದರೆ ಕಡತ ಅಲ್ಲಿಂದ ಎದ್ದು ಬೆಂಗಳೂರಿನ ಹೈಕೋರ್ಟಿಗೆ ಹೋಗುತ್ತದೆ. ಬಸ್ ಚಾರ್ಜು, ಊಟ, ಅಂಗಡಿ ಬಾಗಿಲು ಹಾಕಿದ ದಿನಗಳ ನಷ್ಟ ಸೇರಿಸಿ ನೋಡಿದರೆ, ಐವತ್ತು ಬುಗುರಿಗೆ ಈ ಹೋರಾಟ ಬೇಕೇ ಅಂತ ಯಾರಿಗೂ ಅನ್ನಿಸುತ್ತದೆ. ನೋಟೀಸು ಕಳಿಸುವವರಿಗೂ ಅದು ಗೊತ್ತು. ಸಣ್ಣ ವ್ಯಾಪಾರಿ ಓದದೆ ಶರಣಾಗುತ್ತಾನೆ ಅನ್ನುವುದೇ ಎಷ್ಟೋ ನೋಟೀಸುಗಳ ಬಲ. ಓದಿ ಶರಣಾಗುವುದು ಬೇರೆ, ಅದು ವ್ಯವಹಾರ.

ಇನ್ನು ಕೈಯಲ್ಲಿ ವಿದ್ಯೆ ಇರುವವರ ವಿಷಯ. ಮೂರೂ ತಾಲ್ಲೂಕಿನಲ್ಲಿ ಅಡಿಕೆ ಸುಲಿಯುವುದಕ್ಕೆ, ದೋಟಿಗೆ, ಹಾಳೆ ತಟ್ಟೆಗೆ, ಆಟಿಕೆಗೆ ತಮ್ಮದೇ ಉಪಾಯ ಹೂಡಿದ ಆಚಾರಿಗಳು, ವೆಲ್ಡಿಂಗಿನವರು ಇದ್ದಾರೆ. ಹೊಸದು ಮಾಡಿದ ಕೂಡಲೇ ಜಾತ್ರೆಯಲ್ಲಿಟ್ಟು ಮಾರುತ್ತಾರೆ, ಮೊಬೈಲಿನಲ್ಲಿ ವಿಡಿಯೋ ಹಾಕುತ್ತಾರೆ, ಊರೆಲ್ಲ ಭೇಷ್ ಅಂದ ಮೇಲೆ ಪೇಟೆಂಟಿನ ಯೋಚನೆ. ಆಗ ತಡವಾಯಿತು. ಅರ್ಜಿಗೆ ಮುಂಚೆಯೇ ಲೋಕಕ್ಕೆ ಬಿಟ್ಟದ್ದು ಕಾನೂನಿನ ಕಣ್ಣಿಗೆ ಹೊಸದಲ್ಲ. ಸರ್ಕಾರ ಗೆಜೆಟ್ಟಿನಲ್ಲಿ ಸಾರಿದ ವಸ್ತುಪ್ರದರ್ಶನಕ್ಕೆ ಮಾತ್ರ ಹನ್ನೆರಡು ತಿಂಗಳ ವಿನಾಯಿತಿ ಉಂಟು, ನಮ್ಮ ಜಾತ್ರೆಗಳಿಗೆ ಆ ಭಾಗ್ಯ ಇಲ್ಲ. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಒಬ್ಬ ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಲು ಶುಲ್ಕ 1600 ರೂಪಾಯಿ, ಪರೀಕ್ಷೆಯ ಶುಲ್ಕ ಆಮೇಲೆ ಬೇರೆ. ಕ್ಲೇಮು ಬರೆಯಲು ಇನ್ನೂ ತಿಳಿಯದಿದ್ದರೆ ಮೊದಲು ತಾತ್ಕಾಲಿಕ ವಿವರಣೆ ಮಾತ್ರ ಕೊಟ್ಟು ತಾರೀಕು ಹಿಡಿದಿಟ್ಟುಕೊಳ್ಳಬಹುದು. ಕ್ಲೇಮು ಸಮೇತ ಪೂರ್ತಿ ಕಾಗದ ಕೊಡಲು ಅಲ್ಲಿಂದ ಹನ್ನೆರಡು ತಿಂಗಳು ಸಮಯ.